ಬತ್ತಿದ ಸುರಂಗ, ಕೊರೆದ ಬಾವಿ: ವಾದವೊಂದನ್ನು ಪರೀಕ್ಷಿಸುವ ಕ್ರಮ

“ಮೇಲಿನ ತೋಟದವರು ಬೋರ್‌ವೆಲ್ ಕೊರೆಸಿ ನಮ್ಮ ಸುರಂಗ ಬತ್ತಿತು, ಅವರು ಹಾಗೆ ಮಾಡಬಾರದಿತ್ತು.” ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವರಿಗೆ ಈ ಮಾತು ಹೊಸದಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದ ಬದಿಯಿಂದ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಜಾಗ ಮಾಡಿಕೊಂಡು ಕೊರೆದು, ಒಳಗಿನ ಒರತೆಯನ್ನು ಪಂಪಿನ ಹಂಗಿಲ್ಲದೆ ಇಳಿಜಾರಿನ ಬಲದಿಂದಲೇ ಹೊರಗಿನ ಕೆರೆಗೆ ಹರಿಸುವ ಸುರಂಗವು ಕೇರಳದ ಕಾಸರಗೋಡು ಮತ್ತು ಅದಕ್ಕೆ ತಾಗಿದ ದಕ್ಷಿಣ ಕನ್ನಡದ ಹಲವು ಗ್ರಾಮಗಳಿಗೆ ಕುಡಿಯುವ ನೀರಿನ ಆಧಾರವೂ ಹೌದು, ತೋಟದ ಆಧಾರವೂ ಹೌದು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಾಸರಗೋಡು ಜಿಲ್ಲೆಯಲ್ಲಿ ಮಾರ್ಚ್ ದಾಟುತ್ತಿದ್ದಂತೆಯೇ ನೀರಿನ ಜಗಳ ಆರಂಭವಾಗುತ್ತದೆ.

ತತ್ತ್ವಶಾಸ್ತ್ರವನ್ನು ಪರಿಚಯಿಸುವವರು ಸಾಮಾನ್ಯವಾಗಿ ಅದರ ಶಾಖೆಗಳನ್ನೂ ದಾರ್ಶನಿಕರ ಹೆಸರುಗಳನ್ನೂ ಹೇಳುವುದರಿಂದ ತೊಡಗುತ್ತಾರೆ. ಹಾಗೆ ಕಲಿತದ್ದು ಪರೀಕ್ಷೆಯವರೆಗೆ ನೆನಪಿನಲ್ಲಿ ಉಳಿಯುತ್ತದೆಯೇ ಹೊರತು ಕೈಗೆ ಬರುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೇಲಿನ ಒಂದೇ ವಾಕ್ಯವನ್ನು ಹಿಡಿದುಕೊಂಡು ತರ್ಕದಿಂದ ನೀತಿಯವರೆಗೆ ಹೋಗುತ್ತೇನೆ. ಆ ವಾಕ್ಯದಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ: ಸುರಂಗ ಬತ್ತಿದೆ ಎಂಬ ವರದಿ, ಅದಕ್ಕೆ ಬೋರ್‌ವೆಲ್ ಕಾರಣ ಎಂಬ ನಿರ್ಣಯ, ಹಾಗೆ ಮಾಡಬಾರದಿತ್ತು ಎಂಬ ತೀರ್ಪು. ಮೂರೂ ಒಂದೇ ಉಸಿರಿನಲ್ಲಿ ಬರುವುದರಿಂದ, ಮೊದಲನೆಯದನ್ನು ಕಣ್ಣಾರೆ ಕಂಡು ಒಪ್ಪಿದವರು ಉಳಿದೆರಡನ್ನೂ ಒಪ್ಪಿಬಿಡುತ್ತಾರೆ. ಮೂರನೆಯದನ್ನು ಕೇಳಿ ಸಿಟ್ಟಾದ ಮೇಲಿನ ತೋಟದವರು ಮೊದಲನೆಯದನ್ನೂ ಅಲ್ಲಗಳೆಯುತ್ತಾರೆ. ಮಾತನ್ನು ಬಿಡಿಸಿ ನೋಡುವ ಅಭ್ಯಾಸ ಬೇಕಾಗುವುದು ಇದಕ್ಕಾಗಿಯೇ.

ಇದಕ್ಕೆ ಬೇಕಾದ ಸಾಮಗ್ರಿ ಒಂದು ನೋಟುಪುಸ್ತಕ, ಒಂದು ಪೆನ್ನು, ಮತ್ತು ನಿಮ್ಮ ಅಭಿಪ್ರಾಯವನ್ನು ಒಪ್ಪದ ಒಬ್ಬ ಸ್ನೇಹಿತ. ಮೂರನೆಯದು ಸಿಗುವುದು ಕಷ್ಟ, ಆದರೆ ಅದಿಲ್ಲದೆ ಮುಂದುವರಿಯಬೇಡಿ.

ಮೊದಲ ಹಂತ: ವಾದವನ್ನು ಬರೆದು ಬಿಡಿಸುವುದು

ಕೇಳಿದ ಮಾತನ್ನು ಕೇಳಿದಂತೆಯೇ ಬರೆದುಕೊಳ್ಳಿ. ಅನಂತರ ಅದರಲ್ಲಿ ನಿಜವೋ ಸುಳ್ಳೋ ಆಗಬಲ್ಲ ಹೇಳಿಕೆಗಳನ್ನು ಮಾತ್ರ ಒಂದೊಂದು ಸಾಲಿಗೆ ಇಳಿಸಿ. ಪ್ರಶ್ನೆ, ಉದ್ಗಾರ, ಬೈಗುಳ ಇವುಗಳನ್ನು ಬದಿಗಿಡಿ. ಆ ಹೇಳಿಕೆಗಳಲ್ಲಿ ಹೇಳುವವರು ನಮ್ಮನ್ನು ಒಪ್ಪಿಸಲು ಹೊರಟಿರುವುದು ಯಾವುದೋ ಅದು ನಿರ್ಣಯ. ಅದಕ್ಕೆ ಆಸರೆಯಾಗಿ ಕೊಟ್ಟಿರುವುದು ಆಧಾರ. ಆಧಾರ ಮತ್ತು ನಿರ್ಣಯ ಎರಡೂ ಇದ್ದರೆ ಮಾತ್ರ ಅದು ವಾದ. “ಈಗಿನ ಕಾಲದಲ್ಲಿ ಯಾರಿಗೂ ನೆರೆಕರೆಯ ಚಿಂತೆಯಿಲ್ಲ” ಎಂಬುದು ಎಷ್ಟು ಬಲವಾಗಿ ಹೇಳಿದರೂ ಅಭಿಪ್ರಾಯ ಮಾತ್ರ.

“ಆದ್ದರಿಂದ”, “ಹಾಗಾಗಿ”, “ಯಾಕೆಂದರೆ” ಎಂಬ ಪದಗಳು ಬಂದಲ್ಲಿ ವಾದವನ್ನು ಗುರುತಿಸುವುದು ಸುಲಭ. ಆದರೆ ಕನ್ನಡದಲ್ಲಿ ಕಾರಣವು ಇಷ್ಟು ಪ್ರಕಟವಾಗಿ ಬರುವುದು ಕಡಿಮೆ. ನಮ್ಮ ಭಾಷೆಯ ಕೃದಂತಾವ್ಯಯವು, ಅಂದರೆ “ಕೊರೆಸಿ”, “ಬಂದು”, “ಕುಡಿದು” ಎಂಬಂಥ ರೂಪವು, ಮೇಲ್ನೋಟಕ್ಕೆ ಒಂದಾದ ಮೇಲೆ ಇನ್ನೊಂದು ನಡೆಯಿತು ಎಂಬುದನ್ನಷ್ಟೇ ತಿಳಿಸುತ್ತದೆ. ಕೇಳುವ ಕಿವಿ ಮಾತ್ರ ಅದನ್ನು ಕಾರಣವೆಂದೇ ತೆಗೆದುಕೊಳ್ಳುತ್ತದೆ. “ಮಳೆ ಬಂದು ಕೆರೆ ತುಂಬಿತು” ಎಂದಾಗ ಅದು ಸರಿ. “ಕಷಾಯ ಕುಡಿದು ಜ್ವರ ಬಿಟ್ಟಿತು” ಎಂದಾಗ, ಮೂರು ದಿನದಲ್ಲಿ ತಾನಾಗಿ ಬಿಡುವ ಜ್ವರಕ್ಕೂ ಕಷಾಯಕ್ಕೂ ವ್ಯಾಕರಣವೇ ಸಂಬಂಧ ಕಟ್ಟಿಬಿಟ್ಟಿದೆ. “ಬೋರ್‌ವೆಲ್ ಕೊರೆಸಿ ಸುರಂಗ ಬತ್ತಿತು” ಎಂಬಲ್ಲಿಯೂ ಆಗಿರುವುದು ಅದೇ. ಆದ್ದರಿಂದ ಇಂಥ ವಾಕ್ಯವನ್ನು ಎರಡಾಗಿ ಒಡೆದು ಬರೆಯಿರಿ: “ಫೆಬ್ರವರಿಯಲ್ಲಿ ಮೇಲಿನ ತೋಟದಲ್ಲಿ ಬೋರ್‌ವೆಲ್ ಕೊರೆದರು. ಏಪ್ರಿಲಿನಲ್ಲಿ ನಮ್ಮ ಸುರಂಗ ಬತ್ತಿತು.” ಎರಡು ವಾಕ್ಯಗಳ ನಡುವೆ ಈಗ ಕಾಣುವ ಬಿಡುವಿನಲ್ಲಿ ಏನಿದೆ ಎಂಬುದೇ ಮುಂದಿನ ಹಂತಗಳ ವಿಷಯ.

ಎರಡನೆಯ ಹಂತ: ಪದಗಳ ಅರ್ಥವನ್ನು ಕಟ್ಟುವುದು

“ಬತ್ತಿತು” ಎಂದರೆ ಒಂದು ಹನಿಯೂ ಬರುತ್ತಿಲ್ಲವೇ, ಇಲ್ಲವೇ ಹಿಂದಿನ ಬೇಸಗೆಗಿಂತ ಕಡಿಮೆಯಾಗಿದೆಯೇ? ವಾದ ಮಾಡುವ ಇಬ್ಬರೂ ಒಂದೇ ಪದವನ್ನು ಒಂದೇ ಅರ್ಥದಲ್ಲಿ ಹಿಡಿಯುವವರೆಗೆ ಅವರ ನಡುವೆ ಭಿನ್ನಾಭಿಪ್ರಾಯ ಇದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ.

ಒಂದೇ ಪದವು ವಾದದ ಮಧ್ಯದಲ್ಲಿ ಅರ್ಥ ಬದಲಿಸಿಕೊಂಡರೆ ಅಪಾಯ ಇನ್ನೂ ಹೆಚ್ಚು. ನಮಗೆ ಅತ್ಯಂತ ಹತ್ತಿರದ ಉದಾಹರಣೆಯನ್ನು ಕೊಡುತ್ತೇನೆ. “ಮಗುವಿಗೆ ಮಾತೃಭಾಷೆಯಲ್ಲಿ ಶಿಕ್ಷಣ ಸಿಗಬೇಕು, ನಮ್ಮ ಮಕ್ಕಳ ಮಾತೃಭಾಷೆ ಕನ್ನಡ, ಆದ್ದರಿಂದ ಅವರಿಗೆ ಕನ್ನಡದಲ್ಲಿ ಶಿಕ್ಷಣ ಸಿಗಬೇಕು” ಎಂದು ನಾವೆಲ್ಲ ಹೇಳುತ್ತ ಬಂದಿದ್ದೇವೆ. ಮೊದಲ ವಾಕ್ಯವನ್ನು ಯಾಕೆ ಒಪ್ಪಬೇಕು ಎಂದು ಕೇಳಿದರೆ, ಮಗು ಮನೆಯಲ್ಲಿ ಕೇಳಿ ಆಡಿದ ಭಾಷೆಯಲ್ಲಿ ಬೇಗ ಕಲಿಯುತ್ತದೆ ಎನ್ನುತ್ತೇವೆ; ಅಲ್ಲಿ ಮಾತೃಭಾಷೆ ಎಂದರೆ ಮನೆಮಾತು. ಆದರೆ ಕಾಸರಗೋಡಿನ ಕನ್ನಡ ಶಾಲೆಯ ಒಂದು ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕ ಮನೆಗಳ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಎರಡನೆಯ ವಾಕ್ಯದಲ್ಲಿ ಮಾತೃಭಾಷೆ ಎಂದರೆ ತಲೆಮಾರುಗಳಿಂದ ಓದು, ಬರಹ, ಯಕ್ಷಗಾನ, ಪತ್ರವ್ಯವಹಾರಗಳಿಗೆ ಆ ಮನೆಗಳು ತಮ್ಮದೆಂದು ಇಟ್ಟುಕೊಂಡು ಬಂದ ಭಾಷೆ. ಪದ ಒಂದೇ, ಅರ್ಥ ಎರಡು. ಆದ್ದರಿಂದ ನಿರ್ಣಯಕ್ಕೆ ಆಧಾರ ಸಾಲುವುದಿಲ್ಲ.

ಇಷ್ಟಕ್ಕೆ ಬೇಡಿಕೆಯೇ ತಪ್ಪು ಎಂದು ಯಾರೂ ತಿಳಿಯಬಾರದು. ಒಂದು ವಾದ ಬಿದ್ದರೆ ಅದರ ನಿರ್ಣಯ ಸುಳ್ಳಾಗುವುದಿಲ್ಲ. ಆ ಆಧಾರದಿಂದ ಅದು ಸಿದ್ಧವಾಗಲಿಲ್ಲ ಎಂದಷ್ಟೇ ಅರ್ಥ. ಸರಿಯಾದ ಆಧಾರವನ್ನು ಹುಡುಕಬೇಕು. ಕನ್ನಡವು ಈ ಮನೆಗಳ ಸಾಕ್ಷರತೆಯ ಭಾಷೆ, ಅದು ತಪ್ಪಿದರೆ ಅಜ್ಜನ ಬರಹವನ್ನು ಮೊಮ್ಮಗ ಓದಲಾರ ಎಂಬುದು ಒಂದು ಆಧಾರ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿಯೇ, ಏಳನೆಯ ತಿದ್ದುಪಡಿಯ ಮೂಲಕ, ಆ ವಿಧಿ ಸಂವಿಧಾನಕ್ಕೆ ಬಂತು. ನಮ್ಮ ಪಕ್ಷದ ವಾದವನ್ನು ನಾವೇ ಮೊದಲು ಒಡೆದು ನೋಡಿದರೆ ಅದನ್ನು ಗಟ್ಟಿಯಾಗಿ ಮತ್ತೆ ಕಟ್ಟುವ ಅವಕಾಶ ನಮಗಿರುತ್ತದೆ. ಎದುರಾಳಿ ಒಡೆಯುವವರೆಗೆ ಕಾದರೆ ಆ ಅವಕಾಶ ಇರುವುದಿಲ್ಲ.

ಮೂರನೆಯ ಹಂತ: ಹೇಳದೆ ಬಿಟ್ಟ ಆಧಾರವನ್ನು ಹೊರಗೆಳೆಯುವುದು

ನಿತ್ಯದ ಮಾತಿನಲ್ಲಿ ಯಾರೂ ಎಲ್ಲ ಆಧಾರಗಳನ್ನೂ ಹೇಳುವುದಿಲ್ಲ. ಹೇಳದೆ ಬಿಟ್ಟದ್ದನ್ನು ಕಾಗದದ ಮೇಲೆ ಬರೆದಾಗ ಅನೇಕ ವಾದಗಳ ಬಲ ಅಲ್ಲಿಯೇ ತಿಳಿಯುತ್ತದೆ. ಫೆಬ್ರವರಿಯ ಕೊರೆತದಿಂದ ಏಪ್ರಿಲಿನ ಬತ್ತುವಿಕೆಗೆ ಹೋಗಲು “ಒಂದಾದ ಮೇಲೆ ಇನ್ನೊಂದು ಆದರೆ ಮೊದಲನೆಯದು ಎರಡನೆಯದಕ್ಕೆ ಕಾರಣ” ಎಂಬ ಆಧಾರ ಸಾಕು. ಆದರೆ ಅದನ್ನು ಬಿಡಿಸಿ ಬರೆದರೆ ಯಾರೂ ಒಪ್ಪುವುದಿಲ್ಲ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದದ್ದನ್ನು ನಮ್ಮ ಹಿರಿಯರು ಕಾಕತಾಳೀಯ ನ್ಯಾಯವೆಂದು ಕರೆದಿದ್ದಾರೆ.

ಇಲ್ಲಿ ನಿಲ್ಲಿಸಿ, ಕೆಳಗಿನ ತೋಟದವರು ತರ್ಕ ತಪ್ಪಿದರು ಎಂದು ಘೋಷಿಸುವುದು ಸುಲಭ. ಅದು ಅನ್ಯಾಯ. ಬಿಟ್ಟುಹೋದ ಆಧಾರವನ್ನು ತುಂಬುವಾಗ ಎದುರಿನವರಿಗೆ ಅತ್ಯಂತ ಬಲ ಕೊಡುವ, ಅವರು ಕೇಳಿದರೆ “ಹೌದು, ನಾನು ಹೇಳಬೇಕೆಂದಿದ್ದುದು ಇದನ್ನೇ” ಎನ್ನುವಂಥ ಆಧಾರವನ್ನು ತುಂಬಬೇಕು. ಅವರ ಮನಸ್ಸಿನಲ್ಲಿರುವುದು ಬಹುಶಃ ಇದು: “ಎರಡೂ ಒಂದೇ ಗುಡ್ಡದ ಒಂದೇ ಒರತೆಯ ನೀರು, ಮೇಲಿನಿಂದ ಪಂಪು ಎಳೆದರೆ ಕೆಳಗೆ ಇಳಿಯುವುದು ಕಡಿಮೆಯಾಗುತ್ತದೆ.” ಇದು ಪರೀಕ್ಷೆಗೆ ಅರ್ಹವಾದ ಆಧಾರ.

ಎದುರಿನ ಪಕ್ಷವನ್ನು ಮೊದಲು ಪೂರ್ಣವಾಗಿ ಮಂಡಿಸಿ, ಅನಂತರ ಉತ್ತರಿಸುವ ಪೂರ್ವಪಕ್ಷ–ಸಿದ್ಧಾಂತ ಕ್ರಮ ನಮ್ಮ ಶಾಸ್ತ್ರಗ್ರಂಥಗಳಲ್ಲಿ ರೂಢಿಯಾಗಿದೆ. ಅಕ್ಷಪಾದ ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ: ತತ್ತ್ವವನ್ನು ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನದೊಂದು ಪಕ್ಷವನ್ನೇ ಸ್ಥಾಪಿಸದೆ ಇನ್ನೊಬ್ಬರದನ್ನು ಕೆಡವುವುದು ವಿತಂಡ. ನೋಟುಪುಸ್ತಕದ ಆ ಪುಟದ ಮೇಲ್ಭಾಗದಲ್ಲಿ, ನೀವು ಈಗ ಮಾಡುತ್ತಿರುವುದು ಮೂರರಲ್ಲಿ ಯಾವುದು ಎಂದು ಬರೆದುಕೊಳ್ಳಿ.

ನಾಲ್ಕನೆಯ ಹಂತ: ಆಕಾರವನ್ನು ನೋಡುವುದು

ಆಧಾರಗಳು ನಿಜವೇ ಎಂಬುದು ಒಂದು ಪ್ರಶ್ನೆ. ಅವು ನಿಜವಾಗಿದ್ದರೆ ನಿರ್ಣಯ ಅವುಗಳಿಂದ ತಪ್ಪದೆ ಬರುತ್ತದೆಯೇ ಎಂಬುದು ಇನ್ನೊಂದು. ಎರಡನೆಯದು ವಾದದ ಆಕಾರಕ್ಕೆ ಸಂಬಂಧಿಸಿದ್ದು. ತೋಟದವರೆಲ್ಲರೂ ಎಂದಾದರೊಮ್ಮೆ ಮಾಡಿರುವ ಒಂದು ತಪ್ಪನ್ನು ನೋಡಿ:

ಕೊಳೆರೋಗ ಬಂದರೆ ಎಳೆ ಅಡಿಕೆ ಉದುರುತ್ತದೆ. ಎಳೆ ಅಡಿಕೆ ಉದುರಿದೆ. ಆದ್ದರಿಂದ ಕೊಳೆರೋಗ ಬಂದಿದೆ.

ಎರಡೂ ಆಧಾರಗಳು ನಿಜವೇ. ಆದರೂ ನಿರ್ಣಯ ಬರುವುದಿಲ್ಲ, ಏಕೆಂದರೆ ತಿಗಣೆಯಿಂದಲೂ, ಸಿಂಗಾರ ಒಣಗುವ ರೋಗದಿಂದಲೂ, ಬಿಸಿಲಿನಿಂದಲೂ ಅಡಿಕೆ ಉದುರುತ್ತದೆ. ಈ ಆಕಾರವನ್ನು ನಂಬಿ ಮೈಲುತುತ್ತು ಕರಗಿಸಿದವರು ದುಡ್ಡನ್ನೂ ಕಳೆದುಕೊಳ್ಳುತ್ತಾರೆ, ನಿಜವಾದ ಕಾರಣಕ್ಕೆ ಮಾಡಬೇಕಾದ ಉಪಾಯವನ್ನೂ ಕಳೆದುಕೊಳ್ಳುತ್ತಾರೆ. ಇದೇ ಮೊದಲ ವಾಕ್ಯದಿಂದ ಸರಿಯಾಗಿ ಬರುವ ನಿರ್ಣಯಗಳು ಎರಡು: “ಕೊಳೆರೋಗ ಬಂದಿದೆ, ಆದ್ದರಿಂದ ಅಡಿಕೆ ಉದುರುತ್ತದೆ” ಎಂಬುದು ಒಂದು, “ಅಡಿಕೆ ಉದುರಿಲ್ಲ, ಆದ್ದರಿಂದ ಕೊಳೆರೋಗ ಇಲ್ಲ” ಎಂಬುದು ಇನ್ನೊಂದು. “ಕೊಳೆರೋಗ ಬಂದಿಲ್ಲ, ಆದ್ದರಿಂದ ಉದುರುವುದಿಲ್ಲ” ಎಂಬುದೂ ತಪ್ಪೇ.

ಇದಕ್ಕೆ ವ್ಯತಿರಿಕ್ತವಾಗಿ, ಆಕಾರ ಸರಿಯಿದ್ದು ಆಧಾರ ಸುಳ್ಳಾಗಬಹುದು. “ಎಲ್ಲ ಸುರಂಗಗಳೂ ಬೇಸಗೆಯಲ್ಲಿ ಬತ್ತುತ್ತವೆ, ನಮ್ಮದೂ ಸುರಂಗ, ಆದ್ದರಿಂದ ನಮ್ಮದೂ ಬತ್ತುತ್ತದೆ” ಎಂಬ ವಾದದ ಆಕಾರ ನಿರ್ದುಷ್ಟವಾಗಿದೆ, ಆದರೆ ವರ್ಷವಿಡೀ ಹರಿಯುವ ಸುರಂಗಗಳು ಇವೆ. ಆಕಾರ ಮತ್ತು ಸತ್ಯ ಎರಡನ್ನೂ ಬೇರೆ ಬೇರೆ ಕಾಲಮಿನಲ್ಲಿ ಗುರುತು ಹಾಕಿಕೊಳ್ಳಿ. ಹೊಸಬರು ಹೆಚ್ಚಾಗಿ ಎಡವುವುದು, ನಿರ್ಣಯ ತಮಗೆ ಇಷ್ಟವಾಯಿತೆಂದು ಆಕಾರವನ್ನು ನೋಡದೆ ಬಿಡುವುದರಲ್ಲಿ.

ಐದನೆಯ ಹಂತ: ವ್ಯಾಪ್ತಿಯನ್ನು ಹುಡುಕುವುದು

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಅರಿಸ್ಟಾಟಲನ ಕ್ರಮದಲ್ಲಿ ವಾದಕ್ಕೆ ಮೂರು ಅಂಗಗಳು; ನೈಯಾಯಿಕರ, ಅಂದರೆ ಗೌತಮನ ನ್ಯಾಯದರ್ಶನದವರ, ಕ್ರಮದಲ್ಲಿ ಐದು. ನಮ್ಮ ಪ್ರಕರಣವನ್ನು ಐದು ಅವಯವಗಳಲ್ಲಿ ಬರೆದರೆ ಹೀಗಾಗುತ್ತದೆ. ಪ್ರತಿಜ್ಞೆ: ಈ ಸುರಂಗದ ನೀರು ಕುಗ್ಗಿದ್ದು ಮೇಲಿನ ಬೋರ್‌ವೆಲ್ಲಿನಿಂದ. ಹೇತು: ಏಕೆಂದರೆ ಅದು ಈ ಒರತೆಯ ಪದರದಿಂದಲೇ ನೀರೆತ್ತುತ್ತದೆ. ಉದಾಹರಣೆ: ಎಲ್ಲೆಲ್ಲಿ ಒರತೆಯ ಪದರದಿಂದ ಮೇಲ್ಭಾಗದಲ್ಲಿ ನೀರೆತ್ತುತ್ತಾರೋ ಅಲ್ಲೆಲ್ಲ ಕೆಳಗಿನ ಒರತೆ ಕುಗ್ಗುತ್ತದೆ, ನಮ್ಮ ಅಂಗಳದ ಎರಡು ಬಾವಿಗಳಲ್ಲಿ ಒಂದಕ್ಕೆ ಪಂಪು ಹಾಕಿದಾಗ ಇನ್ನೊಂದು ಇಳಿದಂತೆ. ಉಪನಯ: ಇಲ್ಲಿಯೂ ಹಾಗೆಯೇ ಇದೆ. ನಿಗಮನ: ಆದ್ದರಿಂದ ಬೋರ್‌ವೆಲ್ಲಿನಿಂದಲೇ.

ಈ ಐದರಲ್ಲಿ ನನಗೆ ಅತ್ಯಂತ ಮುಖ್ಯವೆಂದು ತೋರುವುದು ಉದಾಹರಣೆ. ಸಾಮಾನ್ಯ ನಿಯಮವನ್ನು ಹೇಳಿದರೆ ಸಾಲದು, ಅದು ನಡೆದುಬಂದ ಒಂದು ದೃಷ್ಟಾಂತವನ್ನೂ ತೋರಿಸಬೇಕು. ಆ ದೃಷ್ಟಾಂತವೂ ಎಂಥದ್ದಿರಬೇಕೆಂದರೆ ಲೌಕಿಕರಿಗೂ ಪರೀಕ್ಷಕರಿಗೂ, ಅಂದರೆ ಸಾಮಾನ್ಯರಿಗೂ ಬಲ್ಲವರಿಗೂ, ಅದರಲ್ಲಿ ಸಮಾನ ಬುದ್ಧಿ ಇರಬೇಕೆಂದು ನ್ಯಾಯಸೂತ್ರ ಹೇಳುತ್ತದೆ. ಇಬ್ಬರೂ ಒಪ್ಪಿದ ಒಂದು ನೆಲದಿಂದ ಹೊರಡಬೇಕು ಎಂಬ ಈ ಷರತ್ತು ನಮ್ಮ ಜಗಳಗಳಲ್ಲಿ ಪಾಲನೆಯಾದರೆ ಅರ್ಧ ಜಗಳ ಮುಗಿಯುತ್ತದೆ.

ಹೇತುವಿಗೂ ಸಾಧ್ಯಕ್ಕೂ, ಅಂದರೆ ಕಾರಣವಾಗಿ ಕೊಟ್ಟದ್ದಕ್ಕೂ ಸಾಧಿಸಬೇಕಾದದ್ದಕ್ಕೂ, ಇರುವ ತಪ್ಪದ ಸಂಬಂಧಕ್ಕೆ ವ್ಯಾಪ್ತಿ ಎಂದು ಹೆಸರು. ಹೊಗೆ ಇದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ. ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ, ಏಕೆಂದರೆ ಹೊಗೆಗೆ ಹಸಿ ಸೌದೆಯೂ ಬೇಕು. ಹೀಗೆ ನಾವು ಗಮನಿಸದೆ ಬಿಟ್ಟ, ಆದರೆ ಸಂಬಂಧವನ್ನು ನಿರ್ಧರಿಸುವ ಷರತ್ತಿಗೆ ಉಪಾಧಿ ಎನ್ನುತ್ತಾರೆ. “ಹತ್ತಿರದಲ್ಲಿ ಬೋರ್‌ವೆಲ್ ಇದ್ದರೆ ಸುರಂಗ ಬತ್ತುತ್ತದೆ” ಎಂಬ ನಿಯಮದಲ್ಲಿ ಉಪಾಧಿ ಯಾವುದು? ಸುರಂಗದ ಒರತೆ ಮುರಕಲ್ಲಿನ ಪದರದ್ದು. ಆಳದ ಬೋರ್‌ವೆಲ್ ಆ ಪದರವನ್ನು ದಾಟಿ ಗಟ್ಟಿ ಕರಿಬಂಡೆಯ ಬಿರುಕುಗಳಿಂದ ನೀರು ಪಡೆಯುತ್ತಿರಬಹುದು; ಕೇಸಿಂಗ್ ಪೈಪ್ ಮೇಲಿನ ಪದರವನ್ನು ಮುಚ್ಚಿರಬಹುದು. ಎರಡೂ ಪದರಗಳ ನಡುವೆ ಸಂಪರ್ಕವಿದ್ದರೆ ಒಂದು ಉತ್ತರ, ಇಲ್ಲದಿದ್ದರೆ ಇನ್ನೊಂದು.

ಇದನ್ನು ಕುಳಿತಲ್ಲಿಯೇ ತೀರ್ಮಾನಿಸಲಾಗದು. 10 ಲೀಟರಿನ ಒಂದು ಬಾಲ್ದಿಯನ್ನು ಸುರಂಗದ ಬಾಯಲ್ಲಿಟ್ಟು, ಅದು ತುಂಬಲು ಎಷ್ಟು ಸೆಕೆಂಡು ಬೇಕೆಂದು ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಅನಂತರ ಅನ್ವಯ ಮತ್ತು ವ್ಯತಿರೇಕ ಎರಡನ್ನೂ ನೋಡಿ: ಬೋರ್‌ವೆಲ್ ಇರುವಲ್ಲಿ ಕುಗ್ಗಿದ ಸುರಂಗಗಳು ಎಷ್ಟು, ಸುತ್ತಮುತ್ತ ಬೋರ್‌ವೆಲ್ಲೇ ಇಲ್ಲದ ಕಡೆ ಕುಗ್ಗಿದವು ಎಷ್ಟು? ಎರಡನೆಯ ಗುಂಪಿನಲ್ಲಿಯೂ ನೀರು ಅಷ್ಟೇ ಇಳಿದಿದ್ದರೆ, ಹಿಂದಿನ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಮಳೆ ಕಡಿಮೆಯಾದದ್ದನ್ನೋ, ಗುಡ್ಡದ ನೆತ್ತಿಯನ್ನು ಜೆಸಿಬಿಯಲ್ಲಿ ಸಮತಟ್ಟು ಮಾಡಿದ್ದನ್ನೋ, ಪಕ್ಕದ ಮುರಕಲ್ಲಿನ ಕೋರೆಯನ್ನೋ ವಿಚಾರಿಸಬೇಕು. ಮೇಲಿನ ತೋಟದವರು ಒಪ್ಪಿ ಹತ್ತು ದಿನ ಪಂಪು ನಿಲ್ಲಿಸಿದಾಗ ಬಾಲ್ದಿ ಬೇಗ ತುಂಬತೊಡಗಿ, ಮತ್ತೆ ಹಾಕಿದಾಗ ತಡವಾದರೆ, ಅದು ಬಲವಾದ ಸಾಕ್ಷ್ಯ. ಉಳಿದೆಲ್ಲವೂ ಹಾಗೆಯೇ ಇದ್ದು ಒಂದೇ ಅಂಶ ಬದಲಾದಾಗ ಫಲವೂ ಬದಲಾದರೆ ಆ ಅಂಶದಲ್ಲಿ ಕಾರಣವನ್ನು ಕಾಣಬೇಕೆಂಬ ಈ ಕ್ರಮವನ್ನು ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದ. ವ್ಯತಿರೇಕವನ್ನು ಬಲ್ಲ ನಮಗೆ ಅದು ಅಪರಿಚಿತವಲ್ಲ.

ಆರನೆಯ ಹಂತ: ಯಾವ ಪ್ರಮಾಣ, ಯಾರ ಮೇಲೆ ಹೊಣೆ

ನೈಯಾಯಿಕರು ಪ್ರತ್ಯಕ್ಷ (ಇಂದ್ರಿಯಗಳಿಂದ ಕಂಡದ್ದು), ಅನುಮಾನ (ತರ್ಕದಿಂದ ತಿಳಿದದ್ದು), ಉಪಮಾನ (ಹೋಲಿಕೆಯಿಂದ ತಿಳಿದದ್ದು), ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು, ಅಂದರೆ ತಿಳಿವಿನ ಮೂಲಗಳನ್ನು, ಒಪ್ಪುತ್ತಾರೆ. ಪ್ರತಿ ಆಧಾರದ ಎದುರಿಗೆ ಅದು ಯಾವ ಪ್ರಮಾಣದಿಂದ ಬಂತೆಂದು ಬರೆಯಿರಿ. ಶಬ್ದಪ್ರಮಾಣವೆಂದರೆ ಆಪ್ತನ ಮಾತು, ಅಂದರೆ ವಿಷಯವನ್ನು ಬಲ್ಲವನೂ ಇದ್ದಂತೆ ಹೇಳುವವನೂ ಆದವನ ಮಾತು. ಭೂಜಲ ತಜ್ಞರ ಮಾತಿಗೆ ಇಲ್ಲಿ ಇರುವ ಬೆಲೆ, ಯಾರೋ ಬರೆದು ಇನ್ಯಾರೋ ಮುಂದೆ ಕಳಿಸಿದ ವಾಟ್ಸಾಪ್ ಸಂದೇಶಕ್ಕೆ ಇರಲಾರದು.

ಪ್ರಮಾಣ ಸಾಲದೆ ಹೋದಾಗ ಏನು ಮಾಡಬೇಕೆಂಬುದನ್ನು ಈ ಜಿಲ್ಲೆ ಬಹಳ ನೋವಿನಿಂದ ಕಲಿತಿದೆ. ಸರಕಾರಿ ಒಡೆತನದ ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಲಾಯಿತು. ಸುತ್ತಲಿನ ಗ್ರಾಮಗಳಲ್ಲಿ ಅಂಗವೈಕಲ್ಯ ಮತ್ತು ನರರೋಗಗಳು ಕಂಡುಬಂದು ಜನ ಪ್ರಶ್ನಿಸಿದಾಗ “ಇದರಿಂದಲೇ ಎಂದು ಸಾಬೀತಾಗಿಲ್ಲ” ಎಂಬ ಉತ್ತರ ವರ್ಷಾನುಗಟ್ಟಲೆ ಬಂತು. “ಹಾನಿ ಸಾಬೀತಾಗಿಲ್ಲ” ಎಂಬ ಮಾತನ್ನು “ಹಾನಿ ಇಲ್ಲ” ಎಂಬಂತೆ ಬಳಸಿದ್ದು ಅಲ್ಲಿನ ತರ್ಕದೋಷ. ಸಾಬೀತು ಮಾಡುವ ಹೊಣೆ ಯಾರದೆಂಬುದು ತರ್ಕದಿಂದ ಮಾತ್ರ ತೀರುವ ಪ್ರಶ್ನೆಯೂ ಅಲ್ಲ: ನಿರಪಾಯಕಾರಿಯಾದ ಔಷಧವನ್ನು ತಪ್ಪಾಗಿ ನಿಲ್ಲಿಸಿದರೆ ಗೇರಿನ ಬೆಳೆ ನಷ್ಟವಾಗುತ್ತದೆ, ಅಪಾಯಕಾರಿಯಾದದ್ದನ್ನು ತಪ್ಪಾಗಿ ಮುಂದುವರಿಸಿದರೆ ಮಕ್ಕಳ ಬದುಕು ಹೋಗುತ್ತದೆ. ಎರಡು ತಪ್ಪುಗಳ ತೂಕ ಒಂದೇ ಅಲ್ಲದಿರುವಾಗ ಹೊಣೆಯನ್ನೂ ಸಮನಾಗಿ ಹಂಚಲಾಗದು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಮುನ್ನೆಚ್ಚರಿಕೆಯ ತತ್ತ್ವವನ್ನು ಆಧರಿಸಿ ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಆದೇಶಿಸಿತು.

ಏಳನೆಯ ಹಂತ: “ಇದೆ” ಎಂಬಲ್ಲಿಂದ “ಬೇಕು” ಎಂಬಲ್ಲಿಗೆ

ಬೋರ್‌ವೆಲ್ಲಿನಿಂದಲೇ ಸುರಂಗದ ನೀರು ಕುಗ್ಗಿತೆಂದು ಸಿದ್ಧವಾಯಿತು ಎಂದಿಟ್ಟುಕೊಳ್ಳಿ. “ಆದ್ದರಿಂದ ಕೊರೆಸಬಾರದಿತ್ತು” ಎಂದು ಈಗಲೂ ಹೇಳಲಾಗದು. ಇರುವ ಸಂಗತಿಗಳನ್ನು ಹೇಳುತ್ತಿದ್ದವರು ಇದ್ದಕ್ಕಿದ್ದಂತೆ ಆಗಬೇಕಾದದ್ದನ್ನು ಹೇಳತೊಡಗುತ್ತಾರೆ, ಆ ನೆಗೆತಕ್ಕೆ ಕಾರಣ ಕೊಡುವುದಿಲ್ಲ ಎಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1740ರಲ್ಲಿ ಗಮನ ಸೆಳೆದ. ಇಲ್ಲಿಯೂ ನಡುವೆ ಒಂದು ನೀತಿವಾಕ್ಯ ಬೇಕು: “ತನ್ನ ಲಾಭಕ್ಕಾಗಿ ನೆರೆಯವನ ಕುಡಿಯುವ ನೀರನ್ನು ಕುಗ್ಗಿಸಬಾರದು” ಎಂಬಂಥದ್ದು. ಅದನ್ನೂ ಬರೆಯಿರಿ, ಅದನ್ನೂ ಪರೀಕ್ಷಿಸಿ.

ಮೇಲಿನ ತೋಟದವರು ಕಾನೂನನ್ನು ತೋರಿಸಬಹುದು. ಗೊತ್ತಾದ ಕಾಲುವೆಯಲ್ಲಿ ಹರಿಯದ, ತನ್ನ ಜಾಗದ ಅಡಿಯ ನೀರನ್ನು ತನ್ನ ಗಡಿಯೊಳಗೆ ಸಂಗ್ರಹಿಸಿ ಬಳಸುವುದು ಪ್ರತಿಯೊಬ್ಬ ಭೂಮಾಲಕನ ಹಕ್ಕೆಂದು 1882ರ ಭಾರತೀಯ ಸರಾಗ ಹಕ್ಕು (ಈಸ್‌ಮೆಂಟ್ಸ್) ಕಾಯಿದೆಯ 7ನೆಯ ಕಲಮು ಉದಾಹರಣೆಯಾಗಿ ಹೇಳುತ್ತದೆ. ಕೇರಳವು ಅಂತರ್ಜಲದ ನಿಯಂತ್ರಣಕ್ಕೆ 2002ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿದೆ. ಕಾನೂನು ಏನೆಂದು ತಿಳಿದುಕೊಳ್ಳಬೇಕಾದದ್ದೇ. ಆದರೆ ಕಾನೂನು ತಡೆಯದ ಕೆಲಸವೆಲ್ಲ ಸರಿಯಾದ ಕೆಲಸವಾದರೆ, ಕಾನೂನನ್ನು ತಿದ್ದಬೇಕೆಂದು ಯಾರೂ ಯಾವತ್ತೂ ಕೇಳಲು ಸಾಧ್ಯವೇ ಇರುತ್ತಿರಲಿಲ್ಲ.

ಎಂಟನೆಯ ಹಂತ: ನೀತಿಯನ್ನು ಮೂರು ಬದಿಗಳಿಂದ ನೋಡುವುದು

ಫಲವನ್ನು ನೋಡುವವರು, ಅಂದರೆ ಬೆಂಥಮ್ ಮತ್ತು ಮಿಲ್ಲರ ದಾರಿಯವರು, ಸಂಬಂಧಪಟ್ಟ ಎಲ್ಲರ ಸುಖದುಃಖಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಹೇಳುತ್ತಾರೆ. ಮೇಲಿನ ಐದು ಎಕರೆ ತೋಟದ ಉಳಿವು, ಅಲ್ಲಿ ಕೆಲಸ ಮಾಡುವವರ ಕೂಲಿ, ಕೆಳಗಿನ ಮನೆಯ ಕುಡಿಯುವ ನೀರು, ಮುಂದಿನ ತಲೆಮಾರಿಗೆ ಉಳಿಯುವ ಅಂತರ್ಜಲ, ಎಲ್ಲವೂ ಲೆಕ್ಕದಲ್ಲಿ ಸೇರಬೇಕು. ಈ ದಾರಿಯ ಗುಣವೆಂದರೆ ಯಾರನ್ನೂ ಬಿಡುವುದಿಲ್ಲ. ದೋಷವೆಂದರೆ ಒಟ್ಟು ಮೊತ್ತ ದೊಡ್ಡದಾದರೆ ಒಂದು ಸಣ್ಣ ಮನೆಯನ್ನು ಬಲಿ ಕೊಡುವುದಕ್ಕೂ ಒಪ್ಪಿಬಿಡಬಹುದು.

ಕರ್ತವ್ಯವನ್ನು ನೋಡುವ ದಾರಿಯಲ್ಲಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಕೊಟ್ಟ ಪರೀಕ್ಷೆ ಇದೆ: ನಾನು ಅನುಸರಿಸುವ ನಿಯಮವನ್ನು ಎಲ್ಲರೂ ಅನುಸರಿಸಲಿ ಎಂದು ನಾನು ಇಚ್ಛಿಸಬಲ್ಲೆನೇ? “ನೀರು ಬೇಕಾದಾಗ ನೆರೆಯವರನ್ನು ನೋಡದೆ ಇನ್ನಷ್ಟು ಆಳಕ್ಕೆ ಕೊರೆಯುತ್ತೇನೆ” ಎಂಬ ನಿಯಮವನ್ನು ಗುಡ್ಡದವರೆಲ್ಲ ಹಿಡಿದರೆ ಕೊರೆದವನಿಗೂ ನೀರು ಉಳಿಯದು. ಕೆಳಗಿನವರ ನಿಯಮವನ್ನೂ ಇದೇ ಒರೆಗೆ ಹಚ್ಚಬೇಕು. “ಮೊದಲು ನೀರು ತೆಗೆದವನ ಹಕ್ಕಿಗೆ ಎಂದೂ ಕುಂದು ಬರಬಾರದು” ಎಂಬುದು ಎಲ್ಲರ ನಿಯಮವಾದರೆ, ತಡವಾಗಿ ಬಂದ, ಜಾಗ ಕಡಿಮೆಯಿರುವ ಕುಟುಂಬಗಳು ಎಂದಿಗೂ ಒಂದು ಬಾವಿ ತೋಡಲಾರವು.

ಮೂರನೆಯದು ಅರಿಸ್ಟಾಟಲನಿಂದ ಬಂದ ದಾರಿ: ಈ ಸನ್ನಿವೇಶದಲ್ಲಿ ಒಳ್ಳೆಯ ಮನುಷ್ಯನೊಬ್ಬ ಹೇಗೆ ನಡೆದುಕೊಳ್ಳುತ್ತಿದ್ದ? ಈ ಪ್ರಶ್ನೆಯನ್ನು ಕೇಳಿದಾಗ ಮಾತ್ರ ಹೊರಬರುವ ಒಂದು ಸಂಗತಿಯಿದೆ. ಕೆಳಗಿನ ತೋಟದವರನ್ನು ಕೂರಿಸಿ ಸಮಾಧಾನದಿಂದ ವಿಚಾರಿಸಿದರೆ, ಅವರ ನೋವು ನೀರಿನದಷ್ಟೇ ಅಲ್ಲ, “ಕೊರೆಸುವ ಮೊದಲು ಒಂದು ಮಾತು ಹೇಳಲಿಲ್ಲ” ಎಂಬುದೂ ಹೌದೆಂದು ತಿಳಿಯುತ್ತದೆ. ಆ ನೋವು ಲೀಟರಿನ ಲೆಕ್ಕದಲ್ಲಿ ಕಾಣದು, ಹಕ್ಕಿನ ಲೆಕ್ಕದಲ್ಲಿಯೂ ಕಾಣದು. ನೀರು ಒಂದು ಹನಿಯೂ ಕುಗ್ಗದಿದ್ದರೂ ಅದು ನ್ಯಾಯವಾದ ದೂರೇ ಎಂದು ನನ್ನ ಅಭಿಪ್ರಾಯ.

ಈ ಮೂರು ದಾರಿಗಳು ಬೇರೆ ಬೇರೆ ಉತ್ತರ ಕೊಟ್ಟಾಗ ನೆರವಾಗುವ ಒಂದು ಉಪಾಯವನ್ನು ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ವಿವರಿಸಿದ. ನಿಮ್ಮ ತೋಟ ಮೇಲಿನದೋ ಕೆಳಗಿನದೋ, ನಿಮಗೆ ಬೋರ್‌ವೆಲ್ಲಿಗೆ ದುಡ್ಡಿದೆಯೋ ಇಲ್ಲವೋ ಎಂಬುದು ನಿಮಗೇ ತಿಳಿಯದೆಂದು ಭಾವಿಸಿ, ಗುಡ್ಡದ ನೀರಿಗೆ ಒಂದು ನಿಯಮ ಬರೆಯಿರಿ. ಸ್ನೇಹಿತನಿಗೂ ಬರೆಯಲು ಹೇಳಿ, ಆಮೇಲೆ ಎರಡನ್ನೂ ಹೋಲಿಸಿ.

ಒಂಬತ್ತನೆಯ ಹಂತ: ಒಂದೇ ಅಳತೆಗೋಲು ಎರಡೂ ಕಡೆಗೆ

ವೇಷ, ಕುಣಿತಗಳಿಲ್ಲದ ಮಾತಿನ ಯಕ್ಷಗಾನವಾದ ತಾಳಮದ್ದಳೆಯನ್ನು ಕೇಳಿ ಬೆಳೆದವರಿಗೆ ಈ ಹಂತವನ್ನು ವಿವರಿಸಬೇಕಾಗಿಯೇ ಇಲ್ಲ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ನಿಂತಿರುವ ರಾಮಾಯಣ ಪ್ರಸಂಗಗಳ ನೆಲ ಇದು. ಪದ್ಯಗಳು ಹಾಡುವ ಭಾಗವತರ ಮುಂದೆ ಬರೆದಿಟ್ಟಂತೆ ಇರುತ್ತವೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಮಾತು ಮಾತ್ರ ಆ ಕ್ಷಣದಲ್ಲಿ ಹುಟ್ಟಬೇಕು. ವಾಲಿವಧೆಯಲ್ಲಿ ಮರೆಯಿಂದ ಬಾಣ ಬಿಟ್ಟದ್ದೇಕೆಂದು ವಾಲಿ ಕೇಳುತ್ತಾನೆ. ವಾಲ್ಮೀಕಿಯ ರಾಮ ಕೊಡುವ ಉತ್ತರಗಳಲ್ಲಿ ಎರಡು ಮುಖ್ಯವಾದವು: ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅಧರ್ಮಕ್ಕೆ ಇದು ಶಿಕ್ಷೆ; ಮೃಗವನ್ನು ಮರೆಯಿಂದ ಬೇಟೆಯಾಡುವುದು ರಾಜರಿಗೆ ದೋಷವಲ್ಲ. ಸಮರ್ಥ ವಾಲಿ ಅರ್ಥಧಾರಿ ಈ ಎರಡನ್ನು ಪಕ್ಕಪಕ್ಕ ಇಡಬಲ್ಲ: ನಾನು ಮೃಗವಾದರೆ ತಮ್ಮನ ಹೆಂಡತಿಯ ವಿಷಯದಲ್ಲಿ ನನಗೆ ಧರ್ಮಶಾಸ್ತ್ರ ಹೇಗೆ ಅನ್ವಯಿಸಿತು? ಅನ್ವಯಿಸುವುದಾದರೆ ಬೇಟೆಯ ನಿಯಮ ಹೇಗೆ ಅನ್ವಯಿಸಿತು? ಸಮರ್ಥ ರಾಮ ಇದಕ್ಕೆ ಉತ್ತರ ಕಂಡುಕೊಳ್ಳಲೇಬೇಕು. ಬಿಡಿಬಿಡಿಯಾಗಿ ಒಪ್ಪಬಹುದಾದ ಎರಡು ಆಧಾರಗಳನ್ನು ಒಟ್ಟಿಗೆ ಹಿಡಿಯಬಹುದೇ ಎಂದು ಕೇಳುವುದೇ ಸುಸಂಗತಿಯ ಪರೀಕ್ಷೆ.

ಇದನ್ನು ನಮಗೆ ಅತ್ಯಂತ ಪ್ರಿಯವಾದ ವಿಷಯದ ಮೇಲೆಯೇ ಪ್ರಯೋಗಿಸಬೇಕು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಸೇರಬೇಕೆಂದು, ರಾಜ್ಯಗಳ ಗಡಿ ವಿವಾದವನ್ನು ವಿಚಾರಿಸಿದ ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಬೆಳಗಾವಿ ನಗರ ಮೈಸೂರಿನಲ್ಲಿಯೇ ಉಳಿಯಬೇಕೆಂದೂ ಹೇಳಿತು. “ಜನರ ಭಾಷೆ ಯಾವುದೋ ನೆಲ ಆ ರಾಜ್ಯಕ್ಕೆ” ಎಂಬ ಒಂದೇ ಆಧಾರದಿಂದ ಕಾಸರಗೋಡನ್ನು ಕೇಳುವವರು, ಅದೇ ಆಧಾರವನ್ನು ಮರಾಠಿಗರು ಬೆಳಗಾವಿಗೆ ಹಚ್ಚಿದಾಗ ಏನು ಹೇಳುತ್ತೇವೆಂದು ಮೊದಲೇ ಬರೆದಿಟ್ಟುಕೊಳ್ಳಬೇಕು. “ಎರಡೂ ಕಡೆಯವರು ಒಪ್ಪಿ ನೇಮಿಸಿದ ಆಯೋಗದ ವರದಿಯನ್ನು ಇಡಿಯಾಗಿ ಸ್ವೀಕರಿಸಬೇಕು” ಎಂಬುದು ಬೇರೆಯೇ ಆಧಾರ. ಅದಕ್ಕೆ ಈ ತೊಡಕಿಲ್ಲ, ಆದರೆ ಕೇರಳ ಆ ಒಪ್ಪಂದದಲ್ಲಿ ಎಷ್ಟರಮಟ್ಟಿಗೆ ಪಾಲುದಾರ ಎಂಬ ಇನ್ನೊಂದು ಪ್ರಶ್ನೆಯಿದೆ. ನನಗೂ ಇದರಲ್ಲಿ ಪಕ್ಷವಿದೆ, ಅದನ್ನು ನಾನು ಬಿಟ್ಟುಕೊಟ್ಟಿಲ್ಲ. ಯಾವ ಆಧಾರದ ಮೇಲೆ ನಿಂತಿದ್ದೇನೆಂಬುದು ಮಾತ್ರ ಈ ಪರೀಕ್ಷೆಯ ಅನಂತರ ನನಗೆ ಸ್ಪಷ್ಟವಾಗಿದೆ.

ಹತ್ತನೆಯ ಹಂತ: ಪಾತ್ರ ಬದಲಿಸಿ ಅಭ್ಯಾಸ

ಇಂದು ರಾಮನ ಅರ್ಥ ಹೇಳಿದವರು ನಾಳೆ ವಾಲಿಯ ಅರ್ಥ ಹೇಳುತ್ತಾರೆ. ಹಾಗೆಯೇ ವಾರಕ್ಕೊಂದು ವಿಷಯ ಹಿಡಿದು, ಮೊದಲ ಅರ್ಧಗಂಟೆ ನಿಮ್ಮ ಪಕ್ಷವನ್ನೂ ಮುಂದಿನ ಅರ್ಧಗಂಟೆ ಸ್ನೇಹಿತನ ಪಕ್ಷವನ್ನೂ ನೀವೇ ಮಂಡಿಸಿ. ಸ್ನೇಹಿತ “ನನಗಿಂತ ಚೆನ್ನಾಗಿ ಹೇಳಿದಿರಿ” ಎನ್ನುವವರೆಗೆ ಖಂಡನೆಗೆ ಇಳಿಯಬೇಡಿ. ಆರಂಭದಲ್ಲಿ ಒಂದು ವಾಕ್ಯಕ್ಕೆ ಎರಡು ಮೂರು ವಾರಗಳೇ ಬೇಕಾಗಬಹುದು.

ನಾವು ಹಿಡಿದುಕೊಂಡ ವಾಕ್ಯ ಈ ಹಂತಗಳನ್ನು ದಾಟಿದ ಮೇಲೆ ಸುಮಾರು ಹೀಗೆ ಇರುತ್ತದೆ: “ಕಳೆದ ಮಾರ್ಚಿನಲ್ಲಿ ನಮ್ಮ ಸುರಂಗದ ಬಾಯಲ್ಲಿ ಬಾಲ್ದಿ ತುಂಬಲು ಎಷ್ಟು ಹೊತ್ತು ಬೇಕಾಗುತ್ತಿತ್ತೋ ಈ ಮಾರ್ಚಿನಲ್ಲಿ ಅದರ ಎರಡು ಪಟ್ಟು ಬೇಕಾಗುತ್ತಿದೆ. ಬೋರ್‌ವೆಲ್ ಇಲ್ಲದ ಪಕ್ಕದ ಗುಡ್ಡದ ಸುರಂಗಗಳಲ್ಲಿ ಅಷ್ಟು ಇಳಿದಿಲ್ಲ. ಆದ್ದರಿಂದ ನಿಮ್ಮ ಬೋರ್‌ವೆಲ್ಲಿಗೂ ಇದಕ್ಕೂ ಸಂಬಂಧ ಇರಬಹುದೆಂದು ನಮಗೆ ಅನಿಸಿದೆ, ಖಚಿತವಾಗಿಲ್ಲ. ಹತ್ತು ದಿನ ಪಂಪು ನಿಲ್ಲಿಸಿ ಒಟ್ಟಿಗೆ ಅಳೆದು ನೋಡೋಣವೇ? ಸಂಬಂಧ ಇದೆಯೆಂದಾದರೆ, ಕುಡಿಯುವಷ್ಟು ನೀರು ಎರಡೂ ಮನೆಗೆ ಮೊದಲು, ತೋಟಕ್ಕೆ ಆಮೇಲೆ ಎಂಬ ನಿಯಮ ನಿಮಗೆ ಒಪ್ಪಿಗೆಯಾಗುತ್ತದೆಯೇ? ಕೊರೆಸುವ ಮೊದಲು ನಮಗೊಂದು ಮಾತು ಹೇಳಬಹುದಿತ್ತು. ಅದು ನಮಗೆ ಬೇಸರವಾಗಿದೆ.” ಇದನ್ನು ಕಾಗದದಲ್ಲಿ ಬರೆದುಕೊಂಡು, ಮಳೆಗಾಲದ ಹೊಸ್ತಿಲಲ್ಲಿ, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮೊದಲು, ನೀರಿನ ಹರಿವನ್ನು ಇನ್ನೂ ಅಳೆಯಲು ಸಾಧ್ಯವಿರುವಾಗಲೇ, ಮೇಲಿನ ಮನೆಗೆ ಹೋಗಿ.